ಹರಿದು ಹಂಚಿದ್ದ ನಾಡು ಒಂದಾದ ಬಗೆ: ಕರ್ನಾಟಕದ ಇತಿಹಾಸ, ಜನ, ಸಂಸ್ಕೃತಿ

ಕರ್ನಾಟಕ ಎಂಬ ಹೆಸರು ಪ್ರಾಚೀನವಾದುದು. ಆ ಹೆಸರಿನ ರಾಜ್ಯ ಮಾತ್ರ ಇತ್ತೀಚಿನದು. ಇಂದಿನ ಎಲ್ಲೆಗಳನ್ನುಳ್ಳ ರಾಜ್ಯವು ಅಸ್ತಿತ್ವಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೆ ‘ಕರ್ನಾಟಕ’ ಎಂಬ ನಾಮಕರಣವಾದದ್ದು ಮತ್ತೆ 17 ವರ್ಷಗಳ ಬಳಿಕ, 1973ರ ನವೆಂಬರ್ 1ರಂದು. ಅದಕ್ಕೂ ಮುನ್ನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕನ್ನಡಿಗರು ಬೇರೆ ಬೇರೆ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು.

ಪ್ರತಿ ವರ್ಷ ರಾಜ್ಯೋತ್ಸವದಂದು ಏಕೀಕರಣದ ಮಹನೀಯರನ್ನು ನೆನೆಯುವುದು ವಾಡಿಕೆ. ಆದರೆ ನಾಡು ಏಕೆ ಒಡೆದಿತ್ತು, ಯಾವ ಯಾವ ತುಂಡುಗಳು ಸೇರಿ ಒಂದಾಯಿತು, ಸೇರುವಾಗ ಯಾವುದು ಬಾಕಿ ಉಳಿಯಿತು ಎಂಬ ಸಂಗತಿಗಳು ಇಂದಿನ ನಗರವಾಸಿ ಓದುಗರಲ್ಲಿ ಅನೇಕರಿಗೆ ಅಸ್ಪಷ್ಟ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನವೇಕೆ, ಬೆಳಗಾವಿಯಲ್ಲಿ ಅಧಿವೇಶನವೇಕೆ, ಕಾಸರಗೋಡಿನ ಮಾತು ಮತ್ತೆ ಮತ್ತೆ ಏಳುವುದೇಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಈ ಇತಿಹಾಸದಲ್ಲಿಯೇ. ನಾಡಿನ ಚರಿತ್ರೆ, ಸಾಧಕರು ಹಾಗೂ ಸಂಸ್ಕೃತಿಯನ್ನು ಆ ದೃಷ್ಟಿಯಿಂದ ಪರಿಚಯಿಸುವ ಲೇಖನವಿದು.

ರಾಜಧಾನಿಗಳಿದ್ದ ನೆಲ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನವು ಮೌರ್ಯ ಚಕ್ರವರ್ತಿಯನ್ನು ‘ಅಶೋಕ’ ಎಂಬ ಹೆಸರಿನಿಂದಲೇ ಕರೆದಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಕೊಪ್ಪಳ ಮೊದಲಾದೆಡೆಗಳಲ್ಲಿಯೂ ಅಶೋಕನ ಶಾಸನಗಳಿವೆ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ಬನವಾಸಿಯಲ್ಲಿ ಕದಂಬ ರಾಜ್ಯವನ್ನು ಸ್ಥಾಪಿಸಿದನು. ಕನ್ನಡದ ಆರಂಭಿಕ ಶಾಸನವೆಂದು ಪ್ರಸಿದ್ಧವಾದ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಇದು ದೊರೆತದ್ದು ಹಾಸನ ಜಿಲ್ಲೆಯಲ್ಲಿ.

ಬಾದಾಮಿಯ ಚಾಲುಕ್ಯರಲ್ಲಿ ಇಮ್ಮಡಿ ಪುಲಕೇಶಿ ಅಗ್ರಗಣ್ಯ. ಅವನ ಸಾಧನೆಗಳನ್ನು ಕವಿ ರವಿಕೀರ್ತಿಯು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ದಾಖಲಿಸಿದ್ದಾನೆ. ನಂತರ ಬಂದ ರಾಷ್ಟ್ರಕೂಟರು ಮಾನ್ಯಖೇಟವನ್ನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿಸಿಕೊಂಡರು. ಎಲ್ಲೋರದ ಕೈಲಾಸ ದೇವಾಲಯ ಈ ಮನೆತನದ ಒಂದನೆಯ ಕೃಷ್ಣನ ಕಾಲದ್ದು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ. ದಕ್ಷಿಣಕ್ಕೆ ಕಾವೇರಿ, ಉತ್ತರಕ್ಕೆ ಗೋದಾವರಿ ಎಂದು ಕನ್ನಡನಾಡಿನ ಎಲ್ಲೆಯನ್ನು ಅದು ಗುರುತಿಸಿದೆ. ಮುಂದೆ ಏಕೀಕರಣದ ಹೋರಾಟಗಾರರಿಗೆ ಪ್ರೇರಣೆ ನೀಡಿದ್ದು ಈ ವಿವರಣೆಯೇ.

ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು (1076–1126) ಬಸವಕಲ್ಯಾಣದಿಂದ ಆಳಿದನು. ದಕ್ಷಿಣದಲ್ಲಿ ಹೊಯ್ಸಳರು ದ್ವಾರಸಮುದ್ರವನ್ನು ಕೇಂದ್ರವಾಗಿಸಿಕೊಂಡರು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಂಪಿ 1986ರಲ್ಲಿಯೂ ಪಟ್ಟದಕಲ್ಲು 1987ರಲ್ಲಿಯೂ ಈ ಗೌರವ ಪಡೆದಿದ್ದವು.

1336ರಲ್ಲಿ ಸ್ಥಾಪಿತವಾದ ವಿಜಯನಗರವು ಕೃಷ್ಣದೇವರಾಯನ (1509–1529) ಆಳ್ವಿಕೆಯಲ್ಲಿ ಉತ್ತುಂಗಕ್ಕೇರಿತು. 1565ರ ಯುದ್ಧದಲ್ಲಿ ಸೋತ ಬಳಿಕ ಅದರ ರಾಜಧಾನಿ ಹಾಳಾಯಿತು. ಇದೇ ಕಾಲಘಟ್ಟದಲ್ಲಿ ಉತ್ತರದಲ್ಲಿ ಬಹಮನಿಗಳು ಕಲಬುರಗಿ ಮತ್ತು ಬೀದರಿನಿಂದ, ಆದಿಲ್‌ಶಾಹಿಗಳು ವಿಜಯಪುರದಿಂದ ಆಳಿದರು. ಗೋಳಗುಮ್ಮಟವು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಸಂಗೀತಪ್ರೇಮಿ ದೊರೆ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನು ‘ಕಿತಾಬ್-ಎ-ನವರಸ್’ ಎಂಬ ಕೃತಿಯನ್ನು ರಚಿಸಿದನು.

ಈ ರಾಜಧಾನಿಗಳನ್ನು ಭೂಪಟದಲ್ಲಿ ಗುರುತಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಾದಾಮಿ, ಮಳಖೇಡ, ಬಸವಕಲ್ಯಾಣ, ಹಂಪಿ, ಕಲಬುರಗಿ, ಬೀದರ್, ವಿಜಯಪುರ ಎಲ್ಲವೂ ಇರುವುದು ನಾಡಿನ ಉತ್ತರಾರ್ಧದಲ್ಲಿ. ಶತಮಾನಗಳ ಕಾಲ ಅಧಿಕಾರ, ಸಂಪತ್ತು, ವಿದ್ಯೆಗಳ ನೆಲೆಯಾಗಿದ್ದ ಪ್ರದೇಶವೇ ಇಂದು ಹಿಂದುಳಿದ ಪ್ರದೇಶವೆಂದು ಕರೆಸಿಕೊಳ್ಳುತ್ತಿದೆ. ಈ ತಿರುವಿಗೆ ಮುಖ್ಯ ಕಾರಣಗಳನ್ನು ಮುಂದಿನ ಎರಡು ಶತಮಾನಗಳಲ್ಲಿ ಹುಡುಕಬೇಕು.

1799ರ ಬಳಿಕ ಒಡೆದ ಮನೆ

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಯುದ್ಧಭೂಮಿಯಲ್ಲಿ ಮಡಿದ ನಂತರ ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ನಡುವಿನ ಭಾಗವನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಲಾಯಿತು. ಕರಾವಳಿಯು ಬ್ರಿಟಿಷರ ಪಾಲಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ನಿಜಾಮನಿಗೆ ಸಂದಿದ್ದ ಬಳ್ಳಾರಿ ಪ್ರದೇಶವನ್ನು ಅವನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಕಾರಣ ಅದೂ ಮದ್ರಾಸಿಗೇ ಹೋಯಿತು.

1818ರಲ್ಲಿ ಪೇಶ್ವೆಗಳ ಪತನವಾದ ಮೇಲೆ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಕ್ರಮೇಣ ಮುಂಬಯಿ ಪ್ರಾಂತ್ಯದ ಅಂಗವಾದವು. 1834ರಲ್ಲಿ ಕೊಡಗನ್ನು ಬ್ರಿಟಿಷರು ವಶಪಡಿಸಿಕೊಂಡರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಬೀದರ್, ಕಲಬುರಗಿ, ರಾಯಚೂರುಗಳು 1948ರವರೆಗೂ ಹೈದರಾಬಾದಿನ ನಿಜಾಮನ ಆಡಳಿತದಲ್ಲಿದ್ದವು. ಇವುಗಳ ನಡುವೆ ಸಂಡೂರು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಸಣ್ಣ ಸಂಸ್ಥಾನಗಳೂ ಇದ್ದವು.

ಪ್ರತಿರೋಧವೂ ನಡೆಯಿತು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಒಡಕಿನ ಪರಿಣಾಮ ಕೇವಲ ಭೂಪಟಕ್ಕೆ ಸೀಮಿತವಾಗಿರಲಿಲ್ಲ. ಮುಂಬಯಿ ಕರ್ನಾಟಕದ ಶಾಲೆ, ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಅಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸಬೇಕಾಯಿತು. ನಿಜಾಮನ ಆಡಳಿತದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ತಮ್ಮ ನೆಲದಲ್ಲಿಯೇ ಅರ್ಜಿಯನ್ನು ಪರರ ಭಾಷೆಯಲ್ಲಿ ಬರೆಸಬೇಕಾದ ಸ್ಥಿತಿ ಕನ್ನಡಿಗರದಾಗಿತ್ತು.

ಮಾದರಿ ಮೈಸೂರು

ಹಂಚಿಹೋದ ಭಾಗಗಳ ಪೈಕಿ ಕನ್ನಡಕ್ಕೆ ಅರಸೊತ್ತಿಗೆಯ ಆಶ್ರಯ ದೊರೆತದ್ದು ಮುಖ್ಯವಾಗಿ ಮೈಸೂರು ಸಂಸ್ಥಾನದಲ್ಲಿ. 1831ರಿಂದ 50 ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಸಂಸ್ಥಾನವು 1881ರಲ್ಲಿ ಮತ್ತೆ ಒಡೆಯರಿಗೆ ಒಪ್ಪಿಸಲ್ಪಟ್ಟಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯ ಫಲವಾಗಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1902ರಿಂದ 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಸಂಸ್ಥಾನದ ಸುವರ್ಣಯುಗ ಎನಿಸಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಅವಧಿಯಲ್ಲಿ ಮೈಸೂರು ಬ್ಯಾಂಕ್ (1913) ಹಾಗೂ ಮೈಸೂರು ವಿಶ್ವವಿದ್ಯಾನಿಲಯ (1916) ತಲೆಯೆತ್ತಿದವು. ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ ಮುಂದುವರಿದದ್ದೂ ಇವರ ಕಾಲದಲ್ಲಿ. 1918ರಲ್ಲಿ ನೇಮಕಗೊಂಡ ಲೆಸ್ಲಿ ಮಿಲ್ಲರ್ ಸಮಿತಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ದಾರಿಯನ್ನು ತೆರೆಯಿತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ನಗರಗಳ ಸೌಂದರ್ಯಕ್ಕೂ ಕೈಗಾರಿಕೆಗೂ ಒತ್ತು ನೀಡಿದರು.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂಸ್ಥಾನ ನೆರವಾಯಿತು. ಮುಂದೆ 1940ರಲ್ಲಿ ವಿಮಾನ ಕಾರ್ಖಾನೆ, ಸ್ವಾತಂತ್ರ್ಯಾನಂತರ ಐಟಿಐ, ಎಚ್ಎಂಟಿ, ಬಿಇಎಲ್, ಇಸ್ರೋ, ಕೊನೆಗೆ ಸಾಫ್ಟ್‌ವೇರ್ ಉದ್ದಿಮೆ ಬೆಂಗಳೂರಿಗೆ ಬಂದುದರ ಹಿಂದೆ ಈ ಬುನಾದಿಯ ಪಾತ್ರ ದೊಡ್ಡದು. ವಿದ್ಯುತ್ತು, ತಾಂತ್ರಿಕ ಶಿಕ್ಷಣ, ಬ್ಯಾಂಕು ಮೊದಲೇ ಸಿದ್ಧವಿದ್ದ ಊರಿಗೆ ಕಾರ್ಖಾನೆಗಳು ಬಂದವು. ಇಂಥ ಬುನಾದಿ ಸಿಗದ ಬೀದರ್, ರಾಯಚೂರುಗಳು 1956ರಲ್ಲಿ ಅದೇ ರಾಜ್ಯಕ್ಕೆ ಸೇರಿದಾಗ ಓಟದ ಆರಂಭದ ಗೆರೆಯೇ ಬೇರೆಯಾಗಿತ್ತು.

ಏಕೀಕರಣದ ಹೋರಾಟ

ಏಕೀಕರಣದ ಕೂಗು ಮೊದಲಿಗೆ ಗಟ್ಟಿಯಾಗಿ ಕೇಳಿಬಂದದ್ದು ಕನ್ನಡ ಸಂಕಟದಲ್ಲಿದ್ದ ಧಾರವಾಡದಲ್ಲಿ. ರಾ.ಹ. ದೇಶಪಾಂಡೆಯವರ ನೇತೃತ್ವದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1915ರಲ್ಲಿ ಬೆಂಗಳೂರಿನಲ್ಲಿ ಇಂದಿನ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಎಚ್.ವಿ. ನಂಜುಂಡಯ್ಯ ಅದರ ಮೊದಲ ಅಧ್ಯಕ್ಷರು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಗಿ ಕನ್ನಡಿಗರಿಗೆ ತಮ್ಮ ಚರಿತ್ರೆಯ ಅರಿವು ಮೂಡಿಸಿತು. ಆಲೂರರಿಗೆ ‘ಕರ್ನಾಟಕ ಕುಲಪುರೋಹಿತ’ ಎಂಬ ಬಿರುದು ಸಂದಿದೆ.

1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆ ಮೊಳಗಿತು. ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ನಡೆಯಿತು. ಸಾಹಿತ್ಯ ಸಮ್ಮೇಳನಗಳು ಪ್ರಾಂತ್ಯಗಳ ಗಡಿ ದಾಟಿ ಸಂಚರಿಸಿದವು. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯ, 1932ರಲ್ಲಿ ಮಡಿಕೇರಿಯಲ್ಲಿ ಡಿ.ವಿ. ಗುಂಡಪ್ಪ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ರಾಜ್ಯ ಇನ್ನೂ ಇಲ್ಲದಿದ್ದಾಗ ನಾಡಿನ ಜನ ಪರಸ್ಪರ ಪರಿಚಯವಾದದ್ದು ಇಂಥ ವೇದಿಕೆಗಳಲ್ಲಿ.

ಸ್ವಾತಂತ್ರ್ಯ ಬಂದರೂ ಏಕೀಕರಣ ಸುಲಭವಾಗಲಿಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸ ಕೈಗೊಂಡರು. ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಸೇರಿದವು. ಈ ಸಂದರ್ಭದ ಗಲಭೆಯಲ್ಲಿ ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್ ಪ್ರಾಣ ತೆತ್ತರು.

ಮೈಸೂರಿನಲ್ಲಿಯೇ ಏಕೀಕರಣಕ್ಕೆ ವಿರೋಧವಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಂದುವರಿದ ಸಂಸ್ಥಾನವು ಹಿಂದುಳಿದ ಪ್ರದೇಶಗಳ ಹೊರೆ ಹೊರಬೇಕಾದೀತು, ರಾಜಕೀಯ ಬಲ ಬೇರೆ ಸಮುದಾಯಗಳ ಕೈಸೇರೀತು ಎಂಬ ಆತಂಕಗಳು ಹಲವು ನಾಯಕರಲ್ಲಿದ್ದವು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧದ ನಡುವೆಯೂ ಏಕೀಕರಣದ ಪರ ನಿಂತರು. ಕುವೆಂಪು ಅವರು ತಮ್ಮ ಲೇಖನಿಯ ಬಲವನ್ನು ಇದೇ ಪಕ್ಷಕ್ಕೆ ನೀಡಿದರು.

ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿ ಸಲ್ಲಿಸಿತು. ಅದರ ಫಲವಾಗಿ 1956ರ ನವೆಂಬರ್ 1ರಂದು ಐದು ಆಡಳಿತಗಳ ಪ್ರದೇಶಗಳು ಒಂದಾದವು. ಮೈಸೂರು ರಾಜ್ಯದ 10 ಜಿಲ್ಲೆಗಳು, ಮುಂಬಯಿ ರಾಜ್ಯದಿಂದ ಚಂದಗಡ ತಾಲ್ಲೂಕು ಹೊರತಾದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನಿಂದ ಬೀದರ್, ಕಲಬುರಗಿ, ರಾಯಚೂರು, ಮದ್ರಾಸಿನಿಂದ ಕಾಸರಗೋಡು ಹೊರತಾದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ತಾಲ್ಲೂಕು, ಜೊತೆಗೆ ಕೊಡಗು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಮೊದಲ ರಾಜ್ಯಪಾಲರು ಜಯಚಾಮರಾಜ ಒಡೆಯರ್.

ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಉಳಿದ ಭಾಗದವರ ಒತ್ತಾಯಕ್ಕೆ ಮನ್ನಣೆ ದೊರೆತದ್ದು ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಭೂಸುಧಾರಣೆ ಮತ್ತು ಹಾವನೂರು ಆಯೋಗದ ಮೂಲಕ ಗೇಣಿದಾರರು ಹಾಗೂ ಹಿಂದುಳಿದ ವರ್ಗಗಳಿಗೆ ಬಲ ತುಂಬಿದ ಹೆಗ್ಗಳಿಕೆಯೂ ಅವರದೇ.

ಅಧಿಕಾರದ ಗದ್ದುಗೆ ಒಂದೇ ಸೀಮೆಯ ಸ್ವತ್ತಾಗಲಿಲ್ಲ. ಜಮಖಂಡಿಯ ಬಿ.ಡಿ. ಜತ್ತಿ, ಕಲಬುರಗಿ ಸೀಮೆಯ ವೀರೇಂದ್ರ ಪಾಟೀಲ ಹಾಗೂ ಧರಂ ಸಿಂಗ್, ಕೊಡಗಿನ ಆರ್. ಗುಂಡೂರಾವ್, ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ, ಕರಾವಳಿಯ ಎಂ. ವೀರಪ್ಪ ಮೊಯಿಲಿ ಮುಖ್ಯಮಂತ್ರಿಗಳಾದರು. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದರು.

ಮೊದಲೇ ಒಂದಾಗಿದ್ದ ಸಾಹಿತ್ಯ

ಆಡಳಿತ ಒಡೆದಿದ್ದರೂ ಕನ್ನಡ ಸಾಹಿತ್ಯ ಒಡೆದಿರಲಿಲ್ಲ. ಹತ್ತನೆಯ ಶತಮಾನದ ಪಂಪನಿಂದ ಆರಂಭಿಸಿ ರನ್ನ, ಹರಿಹರ, ಕುಮಾರವ್ಯಾಸರವರೆಗೆ ಎಲ್ಲ ಸೀಮೆಗಳ ಕವಿಗಳೂ ಎಲ್ಲರವರಾಗಿದ್ದರು. 12ನೆಯ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದ ಶರಣರು ಆಡುಮಾತಿನಲ್ಲಿ ವಚನಗಳನ್ನು ರಚಿಸಿದರು. ಕಾಯಕ ಮತ್ತು ಸಮಾನತೆಯನ್ನು ಬೋಧಿಸಿದ ಬಸವಣ್ಣನವರನ್ನು 2024ರಲ್ಲಿ ರಾಜ್ಯ ಸರ್ಕಾರವು ‘ಸಾಂಸ್ಕೃತಿಕ ನಾಯಕ’ ಎಂದು ಘೋಷಿಸಿತು. ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಸಂಗ್ರಹಿಸಿ ಮುದ್ರಿಸಲು ವಿಜಯಪುರದ ಫ.ಗು. ಹಳಕಟ್ಟಿಯವರು ಬದುಕನ್ನೇ ಸವೆಸಿದರು. ಪುರಂದರದಾಸ, ಕನಕದಾಸರ ಕೀರ್ತನೆಗಳು, ಶಿಶುನಾಳ ಶರೀಫರ (1819–1889) ತತ್ವಪದಗಳು ಇಂದಿಗೂ ಜನರ ನಾಲಿಗೆಯ ಮೇಲಿವೆ.

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಪ್ರಕಟವಾಗಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿಯಾಯಿತು. ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಹೊರಬಂತು.

ಜ್ಞಾನಪೀಠ ಪುರಸ್ಕಾರವು ಎಂಟು ಕನ್ನಡ ಸಾಹಿತಿಗಳಿಗೆ ಸಂದಿದೆ: ಕುವೆಂಪು, ದ.ರಾ. ಬೇಂದ್ರೆ, ಶಿವರಾಮ ಕಾರಂತ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ವಿ.ಕೃ. ಗೋಕಾಕ್, ಯು.ಆರ್. ಅನಂತಮೂರ್ತಿ, ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ. ಇವರಲ್ಲಿ ಮೊದಲ ಐವರು ಹುಟ್ಟಿದಾಗ ಅವರ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಕುವೆಂಪು ಮತ್ತು ಮಾಸ್ತಿ ಮೈಸೂರು ಸಂಸ್ಥಾನದವರು. ಬೇಂದ್ರೆಯವರ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಾರಂತರ ಕೋಟ ಮದ್ರಾಸಿನಲ್ಲಿತ್ತು. ಗೋಕಾಕರ ಸವಣೂರು ಪುಟ್ಟ ಸಂಸ್ಥಾನವಾಗಿತ್ತು. ಕನ್ನಡದ ಮೊದಲ ರಾಷ್ಟ್ರಕವಿ ಎಂ. ಗೋವಿಂದ ಪೈ ಅವರ ಮಂಜೇಶ್ವರವಂತೂ ಏಕೀಕರಣದ ನಂತರ ಕೇರಳದಲ್ಲಿಯೇ ಉಳಿಯಿತು.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಹಂಚಿಕೊಂಡ ಈ ಗೌರವ ಕನ್ನಡಕ್ಕೆ ಸಂದ ಮೊದಲ ಬೂಕರ್.

ಸಂಗೀತ, ರಂಗಭೂಮಿ, ಸಿನಿಮಾ

ನಾಡಿನ ಒಡಕಿನಿಂದ ನಷ್ಟವಾದಂತೆಯೇ ಕೆಲವು ಲಾಭಗಳೂ ಆದವು. ಮೈಸೂರು ಅರಮನೆಯ ಆಶ್ರಯದಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಂಥ ಕರ್ನಾಟಕ ಸಂಗೀತದ ದಿಗ್ಗಜರು ಬೆಳೆದರು. ಮುಂಬಯಿ ಪ್ರಾಂತ್ಯದ ನಂಟಿದ್ದ ಧಾರವಾಡದ ನೆಲದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿತು. ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಸೀಮೆಯಲ್ಲಿ ಶಿಷ್ಯರನ್ನು ತಯಾರು ಮಾಡಿದರು. ಕುಂದಗೋಳದ ಸವಾಯಿ ಗಂಧರ್ವರು ಅವರಲ್ಲಿ ಪ್ರಮುಖರು. ಸವಾಯಿ ಗಂಧರ್ವರ ಶಿಷ್ಯರೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಕುಮಾರ ಗಂಧರ್ವ ಇದೇ ನೆಲದ ಕೊಡುಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿಸಿಕೊಟ್ಟರು.

ವೃತ್ತಿರಂಗಭೂಮಿಯಲ್ಲಿ ಗುಬ್ಬಿ ವೀರಣ್ಣ, ಏಣಗಿ ಬಾಳಪ್ಪ, ಆಧುನಿಕ ರಂಗಭೂಮಿಯಲ್ಲಿ ಬಿ.ವಿ. ಕಾರಂತ ಪ್ರಸಿದ್ಧರು. ಹೆಗ್ಗೋಡಿನ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕರಾವಳಿ, ಮಲೆನಾಡಿನ ಯಕ್ಷಗಾನ, ಉತ್ತರದ ಸಣ್ಣಾಟ, ದೊಡ್ಡಾಟಗಳು, ಡೊಳ್ಳು ಕುಣಿತ, ವೀರಗಾಸೆ, ಕಂಸಾಳೆಗಳು ಜನಪದರ ಹೆಮ್ಮೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ಡಾ. ರಾಜ್‌ಕುಮಾರ್ ನಾಡಿನ ಎಲ್ಲ ಸೀಮೆಗಳ ಪ್ರೇಕ್ಷಕರನ್ನು ಬೆಸೆದರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೋರಿದ 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಅದು ಜನಾಂದೋಲನವಾಯಿತು. 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ಊಟ, ನುಡಿ, ಹಬ್ಬ

ಬಯಲುಸೀಮೆಯ ಉತ್ತರದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ; ದಕ್ಷಿಣದಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು; ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮೀನು; ಕೊಡಗಿನಲ್ಲಿ ಕಡಂಬುಟ್ಟು, ಪಂದಿಕರಿ. ಮಣ್ಣು, ಮಳೆಗಳೇ ಊಟದ ಎಲೆಯನ್ನು ನಿರ್ಧರಿಸಿವೆ. ಆದರೆ ಮಾತಿನ ವ್ಯತ್ಯಾಸಗಳಲ್ಲಿ ಹಳೆಯ ಆಡಳಿತಗಳ ಗುರುತು ಉಳಿದಿದೆ. ಹೊಲದ ದಾಖಲೆಗೆ ದಕ್ಷಿಣದ ರೈತ ‘ಪಹಣಿ’ ಎಂದರೆ ಧಾರವಾಡದ ರೈತ ‘ಉತಾರ’ ಎನ್ನುತ್ತಾನೆ. ಹಳ್ಳಿಯ ಲೆಕ್ಕ ಬರೆಯುತ್ತಿದ್ದವನು ಮೈಸೂರಿನಲ್ಲಿ ಶಾನುಭೋಗ, ಉತ್ತರದಲ್ಲಿ ಕುಲಕರ್ಣಿ. ಧಾರವಾಡದ ಕನ್ನಡದಲ್ಲಿ ಮರಾಠಿಯ, ಕಲಬುರಗಿಯ ಕನ್ನಡದಲ್ಲಿ ಉರ್ದುವಿನ ಪದಗಳು ಹಾಸುಹೊಕ್ಕಾಗಿವೆ.

ಕನ್ನಡದೊಂದಿಗೆ ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಮಾತುಗಳೂ ಈ ನಾಡಿನವೇ. ಮೈಸೂರು ದಸರಾ ನಾಡಹಬ್ಬವೆನಿಸಿದೆ. ಬೆಂಗಳೂರಿನ ಕರಗ, ಬಾದಾಮಿಯ ಬನಶಂಕರಿ ಜಾತ್ರೆ, ಕಲಬುರಗಿಯ ಖ್ವಾಜಾ ಬಂದೇನವಾಜ್ ಉರುಸು ಮತ್ತು ಶರಣಬಸವೇಶ್ವರ ಜಾತ್ರೆ, ತುಳುನಾಡಿನ ಭೂತಕೋಲ ಲಕ್ಷಾಂತರ ಜನರ ಶ್ರದ್ಧೆಯ ಸಂಗತಿಗಳು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ಕಳೆದ ಬಾರಿ ನಡೆದದ್ದು 2018ರಲ್ಲಿ. ಬೀದರಿನ ಬಿದ್ರಿ ಕಲೆ, ಇಳಕಲ್ ಸೀರೆ, ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಕರಕುಶಲ ಕಲೆ ನಾಡಿನ ಹೆಸರನ್ನು ಹೊರಗೂ ಒಯ್ದಿವೆ.

ಏಕೀಕರಣದ ಬಾಕಿ ಲೆಕ್ಕ

ಭೂಪಟ ಒಂದಾಯಿತು, ಹೆಸರೂ ಬಂತು. ಆದರೆ ಅಭಿವೃದ್ಧಿಯ ಅಂತರ ಮುಚ್ಚಲಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ 2000ದಲ್ಲಿ ನೇಮಕಗೊಂಡ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಸಮಿತಿ ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗವೊಂದರಲ್ಲಿಯೇ ಇದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು.

ದಕ್ಷಿಣದಲ್ಲಿಯೂ ಹಿಂದುಳಿದ ತಾಲ್ಲೂಕುಗಳಿವೆ ಎಂಬುದನ್ನೂ ಇದೇ ವರದಿ ತೋರಿಸಿಕೊಟ್ಟಿತು. ಬೆಂಗಳೂರು ವಿಭಾಗದ 11 ತಾಲ್ಲೂಕುಗಳು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. ಹೀಗಾಗಿ ಸಮಸ್ಯೆಯನ್ನು ಉತ್ತರ-ದಕ್ಷಿಣಗಳ ಜಗಳವಾಗಿ ನೋಡುವುದು ಸರಿಯಾಗದು. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಇದ್ದರೆ ಯಾದಗಿರಿಯದು ಶೇ. 51.83 ಮಾತ್ರ. ಇವೆರಡೂ 1956ರ ಒಂದೇ ದಿನ ಒಂದೇ ರಾಜ್ಯಕ್ಕೆ ಸೇರಿದ ಸೀಮೆಗಳು.

ಅಂತರ ತಗ್ಗಿಸುವ ಪ್ರಯತ್ನಗಳು ನಡೆದಿವೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂತು. ಅದರಂತೆ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾಯಿತು. ಬೆಳಗಾವಿಯಲ್ಲಿ 2006ರಲ್ಲಿ ಮೊದಲ ಅಧಿವೇಶನ ನಡೆದು, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಅಸಮತೋಲನವನ್ನು ಮತ್ತೊಮ್ಮೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ನೇತೃತ್ವದ ಸಮಿತಿಯನ್ನು ಸರ್ಕಾರ ನೇಮಿಸಿತು.

ಗಡಿಯ ಪ್ರಶ್ನೆಯೂ ಬಾಕಿ ಉಳಿದಿದೆ. ಮಹಾಜನ್ ಆಯೋಗವು 1967ರ ವರದಿಯಲ್ಲಿ ಬೆಳಗಾವಿ ನಗರವನ್ನು ರಾಜ್ಯದಲ್ಲಿಯೇ ಉಳಿಸಲು, ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ರಾಜ್ಯಕ್ಕೆ ಸೇರಿಸಲು ಸೂಚಿಸಿತು. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಈ ನಡುವೆ ಗಡಿಯಾಚೆಗಿನ ಕನ್ನಡ ಶಾಲೆಗಳ ಮಕ್ಕಳಿಗೆ ಪುಸ್ತಕ, ಶಿಕ್ಷಕರು, ಉದ್ಯೋಗ ದೊರೆಯುವುದೇ ದಿನನಿತ್ಯದ ಚಿಂತೆ. ಗಡಿಯ ಈಚೆಗಿರುವ ಭಾಷಾ ಅಲ್ಪಸಂಖ್ಯಾತರ ಮಕ್ಕಳ ವಿಷಯದಲ್ಲಿಯೂ ಇದೇ ಕಾಳಜಿ ಸಲ್ಲಬೇಕು.

ಏಕೀಕರಣಕ್ಕೆ ದುಡಿದವರು ಕೇಳಿದ್ದು ಒಂದೇ ಬಗೆಯ ಜನರ ರಾಜ್ಯವನ್ನಲ್ಲ. ಊಟ, ಉಡುಗೆ, ಮಾತಿನ ಧಾಟಿ ಬೇರೆಯಾದರೂ ತಮ್ಮ ಭಾಷೆಯಲ್ಲಿ ಕಲಿಯುವ, ಅರ್ಜಿ ಬರೆಯುವ, ನ್ಯಾಯ ಕೇಳುವ ಹಕ್ಕುಳ್ಳ ಜನರ ರಾಜ್ಯವನ್ನು. ಯಾದಗಿರಿಯ ಮಗುವಿಗೂ ಮಂಗಳೂರಿನ ಮಗುವಿಗೂ ಒಂದೇ ಮಟ್ಟದ ಶಾಲೆ ಸಿಗುವ ದಿನ ಆ ಬೇಡಿಕೆ ಪೂರ್ತಿ ಈಡೇರಿದಂತೆ.

ಕರ್ನಾಟಕ: ಕಿರುನೋಟ

ರಾಜ್ಯ ರಚನೆ: 1956 ನವೆಂಬರ್ 1
ಮರುನಾಮಕರಣ: 1973 ನವೆಂಬರ್ 1
ರಾಜಧಾನಿ: ಬೆಂಗಳೂರು
ವಿಸ್ತೀರ್ಣ: 1,91,791 ಚದರ ಕಿ.ಮೀ.
ಜನಸಂಖ್ಯೆ: 6.11 ಕೋಟಿ (2011ರ ಜನಗಣತಿ)
ಜಿಲ್ಲೆಗಳು: 31 (1956ರಲ್ಲಿ 19, 31ನೆಯದಾಗಿ ವಿಜಯನಗರ ಜಿಲ್ಲೆ 2021ರಲ್ಲಿ ರಚನೆ)
ವಿಧಾನಸಭೆ: 224 ಚುನಾಯಿತ ಸ್ಥಾನಗಳು, ವಿಧಾನ ಪರಿಷತ್ತು: 75
ಲೋಕಸಭೆ: 28; ರಾಜ್ಯಸಭೆ: 12
ನಾಡಗೀತೆಯ ಕರ್ತೃ: ಕುವೆಂಪು (2004ರಲ್ಲಿ ಅಂಗೀಕಾರ)
ಭಾರತರತ್ನ ಪುರಸ್ಕೃತರು: ಸರ್ ಎಂ. ವಿಶ್ವೇಶ್ವರಯ್ಯ, ಪಂಡಿತ್ ಭೀಮಸೇನ ಜೋಶಿ, ಪ್ರೊ. ಸಿ.ಎನ್.ಆರ್. ರಾವ್